ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಾಗ: ಎಲ್ಲಿಂದ ಹುಡುಕಬೇಕು, ಎಲ್ಲಿ ನಿಲ್ಲಿಸಬೇಕು

ಕಂಪ್ಯೂಟರ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪು. ಅಂಗಡಿಗೆ ಒಯ್ದರೆ ಎರಡೇ ನಿಮಿಷದಲ್ಲಿ 'ಚಿಪ್ ಹೋಗಿದೆ, ಹೊಸದು ತಗೊಳ್ಳಿ' ಅಂತಾರೆ. ಇವತ್ತಿನ ಬೆಲೆಗೆ ಈ ಮಾತನ್ನು ಸುಮ್ನೆ ಒಪ್ಪಿಕೊಳ್ಳೋಕೆ ಆಗಲ್ಲ. ಸತ್ತಿದೆ ಅಂತ ಮೂಲೆಗೆ ಹಾಕಿದ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ (ಮಾನಿಟರ್‌ಗೆ ಚಿತ್ರ ಕಳಿಸುವ ಬೋರ್ಡ್) ಎಷ್ಟೋ ಕಾರ್ಡ್‌ಗಳು ಚೆನ್ನಾಗಿಯೇ ಇರುತ್ತವೆ. ತೊಂದರೆ ಇರುವುದು ಕೇಬಲ್‌ನಲ್ಲಿ, ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ), ಡ್ರೈವರ್‌ನಲ್ಲಿ (ವಿಂಡೋಸ್ ಕಾರ್ಡ್ ಜೊತೆ ಮಾತಾಡಲು ಬೇಕಾದ ತಂತ್ರಾಂಶ), ಇಲ್ಲವೇ ಚಿಪ್ ಮತ್ತು ಕೂಲರ್ ನಡುವಿನ ಒಣಗಿದ ಪೇಸ್ಟ್‌ನಲ್ಲಿ.

ಹಾಗಾಗಿ ಈ ಲೇಖನದಲ್ಲಿ ಹುಡುಕುವ ಕ್ರಮಕ್ಕೆ ಒತ್ತು ಕೊಟ್ಟಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಕ್ರೂ ಬಿಚ್ಚುವುದು ಆಮೇಲೆ, ಮಲ್ಟಿಮೀಟರ್ ಅದರ ನಂತರ. ಹಾಟ್ ಏರ್ ಗನ್, ಓವನ್ ಇವೆರಡನ್ನೂ ಮನೆಯಲ್ಲಿ ಮುಟ್ಟಲೇಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶುರು ಮಾಡುವ ಮೊದಲು ಬಿಲ್ ಹುಡುಕಿ. ವಾರಂಟಿ ಇನ್ನೂ ಇದ್ದರೆ ಕಾರ್ಡ್‌ನ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದಿದೆ ಅಂತ ಸರ್ವಿಸ್ ಸೆಂಟರ್‌ನವರು ತಕರಾರು ತೆಗೆಯುವುದು ಉಂಟು. ಆಗ ಸುಮ್ಮನೆ ಸಿಗಬೇಕಾದ ರಿಪೇರಿಗೂ ದುಡ್ಡು ಕೊಡಬೇಕಾಗುತ್ತದೆ.

ಮೊದಲು ಲಕ್ಷಣ ಬರೆದುಕೊಳ್ಳಿ

'ಡಿಸ್‌ಪ್ಲೇ ಬರ್ತಿಲ್ಲ' ಅಂದರೆ ಸಾಲದು. ಆನ್ ಮಾಡಿದ ಕ್ಷಣದಿಂದಲೇ ಬರುತ್ತಿಲ್ಲವೋ, ವಿಂಡೋಸ್ ಲೋಗೋ ತನಕ ಬಂದು ಹೋಗುತ್ತದೆಯೋ, ಗೇಮ್ ಶುರುವಾದ ಮೇಲೆ ಹೋಗುತ್ತದೆಯೋ? ಈ ಮೂರೂ ಬೇರೆ ಬೇರೆ ರೋಗ. ಬಯಾಸ್ ಪರದೆಯಲ್ಲೇ (ವಿಂಡೋಸ್‌ಗಿಂತ ಮೊದಲು ಬರುವ ಪರದೆ) ಬಣ್ಣದ ಚೌಕಗಳು, ಅಡ್ಡಗೆರೆಗಳು ಕಂಡರೆ ಮೆಮೊರಿ ಚಿಪ್ ಅಥವಾ ಮುಖ್ಯ ಚಿಪ್ ಮೇಲೆ ಅನುಮಾನ. ಬಯಾಸ್ ಸ್ವಚ್ಛವಾಗಿದ್ದು ಡ್ರೈವರ್ ಲೋಡ್ ಆಗುವಾಗ ಮಾತ್ರ ಕಪ್ಪಾದರೆ ಡ್ರೈವರ್ ಕೆಟ್ಟಿರಬಹುದು, ಇಲ್ಲವೇ ಕಾರ್ಡ್ ಪೂರ್ತಿ ಶಕ್ತಿಯಲ್ಲಿ ಏಳಲಾಗದೆ ಬೀಳುತ್ತಿರಬಹುದು. ಗೇಮ್ ನಡುವೆ ಇಡೀ ಕಂಪ್ಯೂಟರ್ ಥಟ್ ಅಂತ ಆಫ್ ಆದರೆ ಮೊದಲು ಎಸ್‌ಎಂಪಿಎಸ್ ನೋಡಿ. ಪರದೆ ಕಪ್ಪಾಗಿ ಕಾರ್ಡ್‌ನ ಫ್ಯಾನ್ ಮಾತ್ರ ಜೋರಾಗಿ ಕೂಗತೊಡಗಿದರೆ ಪವರ್ ಅಥವಾ ಬಿಸಿಯ ತೊಂದರೆ ಇರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಪರದೆ ಮೇಲೆ ಬರುವ ಗೆರೆಗಳ ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ನಲ್ಲಿ ತೆರೆದು ನೋಡಿ. ಗೆರೆ ಸ್ಕ್ರೀನ್‌ಶಾಟ್‌ನಲ್ಲೂ ಇದ್ದರೆ ತೊಂದರೆ ಕಾರ್ಡ್ ಕಡೆಯದು. ಚಿತ್ರ ಸ್ವಚ್ಛವಾಗಿದ್ದರೆ ಕೇಬಲ್, ಮಾನಿಟರ್, ಕಾರ್ಡ್‌ನ ಆ ಪೋರ್ಟ್ ಇಷ್ಟನ್ನು ನೋಡಿದರೆ ಸಾಕು.

ಕಾರ್ಡ್ ಮೇಲಿನ ಆರೋಪ ಸಾಬೀತು ಮಾಡಿ

ಮಾನಿಟರ್ ಕೇಬಲ್ ಕಾರ್ಡ್‌ಗೇ ಹಾಕಿದ್ದೀರಾ, ಮದರ್‌ಬೋರ್ಡ್‌ನ ಪೋರ್ಟ್‌ಗೆ ಹಾಕಿದ್ದೀರಾ ನೋಡಿ. ಇದನ್ನು ಕೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಆದರೂ ಕೇಳಲೇಬೇಕು. ಕೇಬಲ್ ಬದಲಿಸಿ, ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇ ಪೋರ್ಟ್ ಹಾಕಿ, ಇನ್ನೊಂದು ಮಾನಿಟರ್ ಅಥವಾ ಮನೆಯ ಟಿವಿಗೆ ಹಾಕಿ ನೋಡಿ.

ಆಮೇಲೆ ಕಾರ್ಡ್ ಪೂರ್ತಿ ತೆಗೆದು ಮದರ್‌ಬೋರ್ಡ್‌ನ ಪೋರ್ಟ್‌ನಿಂದ ಡಿಸ್‌ಪ್ಲೇ ಬರುತ್ತದಾ ನೋಡಿ. ಬಂದರೆ ಪ್ರೊಸೆಸರ್, ರ‍್ಯಾಮ್, ಬೋರ್ಡ್ ಮೂರೂ ಸರಿ ಇವೆ ಅಂತಾಯಿತು. ನಿಮ್ಮ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ, ಉದಾಹರಣೆಗೆ 12400ಎಫ್, ಈ ಪರೀಕ್ಷೆ ಮಾಡೋಕಾಗಲ್ಲ. ಅದರೊಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ರೈಜೆನ್ 5600ರಂತಹ 'ಜಿ' ಇಲ್ಲದ ಹಳೆಯ ರೈಜೆನ್‌ಗಳದ್ದೂ ಇದೇ ಕತೆ. ಆಗ ಹಳೆಯ ಯಾವುದಾದರೂ ಕಾರ್ಡ್ ಸ್ನೇಹಿತರಿಂದ ಎರವಲು ತನ್ನಿ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ನಿಮ್ಮ ಕಾರ್ಡನ್ನು ಸ್ನೇಹಿತರ ಕಂಪ್ಯೂಟರ್‌ಗೆ ಹಾಕಿ ನೋಡುವುದು. ಆದರೆ ಕಾರ್ಡ್‌ನಿಂದ ಸುಟ್ಟ ವಾಸನೆ ಬಂದಿದ್ದರೆ, ಕಪ್ಪಾದ ಗುರುತು ಕಂಡರೆ ಬೇರೆಯವರ ಕಂಪ್ಯೂಟರ್‌ಗೆ ಹಾಕಲೇಬೇಡಿ. ಮೊದಲು ಮಲ್ಟಿಮೀಟರ್ ಹಿಡಿಯಬೇಕು.

ಈಗ ಪವರ್. ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕನೆಕ್ಟರ್ ಇನ್ನೊಂದು 75, 8 ಪಿನ್ ಕನೆಕ್ಟರ್ 150 ವ್ಯಾಟ್ ಕೊಡುತ್ತದೆ. ಎರಡು 8 ಪಿನ್ ಇರುವ ಕಾರ್ಡ್‌ಗೆ ಒಂದೇ ಕೇಬಲ್‌ನ ಎರಡು ತಲೆಗಳನ್ನು ಹಾಕಿದ್ದರೆ, ಎಸ್‌ಎಂಪಿಎಸ್‌ನಿಂದ ಇನ್ನೊಂದು ಪ್ರತ್ಯೇಕ ಕೇಬಲ್ ಎಳೆದು ನೋಡಿ. ಗೇಮ್ ನಡುವೆ ಬಂದ್ ಆಗುವ ಎಷ್ಟೋ ಪ್ರಕರಣ ಇಷ್ಟರಲ್ಲೇ ಮುಗಿಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ, ಒಂದು ಕಂಪನಿಯ ಕೇಬಲ್ ಇನ್ನೊಂದು ಕಂಪನಿಯದಕ್ಕೆ ಹಾಕಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಜಾಗ ಬೇರೆ ಇರಬಹುದು, 12 ವೋಲ್ಟ್ ಹೋಗಬೇಕಾದ ಕಡೆ ಗ್ರೌಂಡ್ ಹೋಗಬಹುದು. ಪ್ರೊಸೆಸರ್‌ನ 8 ಪಿನ್ ಕೇಬಲ್ಲನ್ನು ಬಲವಂತವಾಗಿ ಕಾರ್ಡ್‌ಗೆ ಒತ್ತುವುದೂ ಅಷ್ಟೇ ಅಪಾಯ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಸಾಲುಗಳು ತಿರುವುಮುರುವು.

ಹೊಸ 12ವಿಎಚ್‌ಪಿಡಬ್ಲ್ಯುಆರ್ ಪವರ್ ಕನೆಕ್ಟರ್ ಇರುವ ಕಾರ್ಡ್ ಆದರೆ ಕನೆಕ್ಟರ್ ತೆಗೆದು ಪಿನ್‌ಗಳ ಸುತ್ತ ಪ್ಲಾಸ್ಟಿಕ್ ಕಂದಿದೆಯಾ, ಕರಗಿದೆಯಾ ನೋಡಿ. 2022ರ ಕೊನೆಯಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್ ಬಂದ ಕೆಲವೇ ವಾರಗಳಲ್ಲಿ ಇಂಥ ಕರಗಿದ ಕನೆಕ್ಟರ್‌ಗಳ ಫೋಟೋಗಳು ಹರಿದಾಡಿದವು. ಕನೆಕ್ಟರ್ ಪೂರ್ತಿ ಒಳಗೆ ಕೂರದೆ ಇದ್ದದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಚೂರೂ ಸಂದಿ ಕಾಣದ ಹಾಗೆ ಒತ್ತಿ ಕೂರಿಸಿ. ಬಾಯಿಯ ಹತ್ತಿರವೇ ಕೇಬಲ್ ಮಡಿಸಬೇಡಿ.

ಎಸ್‌ಎಂಪಿಎಸ್ ಮೇಲೆ ಅನುಮಾನ ಇದ್ದರೆ ಬದಲಿ ಒಂದನ್ನು ಹಾಕಿ ನೋಡಿ. ಅದರ ಡಬ್ಬಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್ ಪ್ರಾಣ ತೆಗೆಯುವಷ್ಟು ಕರೆಂಟ್ ಹಿಡಿದಿಟ್ಟಿರಬಹುದು.

ರಬ್ಬರ್, ಬ್ರಷ್, ಸ್ಲಾಟ್

ಕಾರ್ಡ್ ಹೊರಗೆ ತೆಗೆದಿದ್ದೀರಲ್ಲ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ತೇವದ ಗಾಳಿಗೆ ಇವು ಮಂಕಾಗುತ್ತವೆ. ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಕೊಡವಿ, ಆಮೇಲೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮರಳಿನಂತೆ ಒರಟಾಗಿರುವ ಇಂಕ್ ರಬ್ಬರ್ ಬೇಡ, ಲೇಪವೇ ಎದ್ದು ಬರುತ್ತದೆ.

ಹಲ್ಲುಗಳ ಮೇಲ್ಭಾಗದಲ್ಲಿ ಸಾಲಾಗಿ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್‌ಗಳು ಇರುತ್ತವೆ. ಕಾರ್ಡ್ ಹಾಕುವಾಗ, ತೆಗೆಯುವಾಗ ಕ್ಯಾಬಿನೆಟ್ ಅಂಚಿಗೆ ತಗುಲಿ ಇವು ಕಿತ್ತುಹೋಗುವುದು ಬಹಳ ಸಾಮಾನ್ಯ. ಒಂದು ಹೋದರೂ ಆ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ) ಕೆಲಸ ಮಾಡುವುದಿಲ್ಲ. ಕಾರ್ಡ್ 16 ಲೇನ್‌ನ ಬದಲು 8, 4 ಅಥವಾ 1ರಲ್ಲಿ ಓಡುತ್ತದೆ, ಇಲ್ಲವೇ ಕಂಪ್ಯೂಟರ್ ಅದನ್ನು ಗುರುತಿಸುವುದೇ ಇಲ್ಲ. ಡಿಸ್‌ಪ್ಲೇ ಬರುವ ಕಾರ್ಡ್ ಆದರೆ ಜಿಪಿಯು-ಝಡ್ ತಂತ್ರಾಂಶ ತೆರೆದು 'ಬಸ್ ಇಂಟರ್‌ಫೇಸ್' ಸಾಲು ನೋಡಿ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿಯೇ ಓದಿ, ಯಾಕೆಂದರೆ ಸುಮ್ಮನಿರುವಾಗ ಕಾರ್ಡ್ ತಾನೇ ವೇಗ ಇಳಿಸಿಕೊಂಡಿರುತ್ತದೆ. ಕೆಲವು ಚಿಕ್ಕ ಕಾರ್ಡ್‌ಗಳು ಹುಟ್ಟಿನಿಂದಲೇ 8 ಲೇನ್‌ನವು, ಅದನ್ನು ದೋಷ ಅಂದುಕೊಳ್ಳಬೇಡಿ.

ಭಾರದ ಕಾರ್ಡ್ ಜೋತು ಬಿದ್ದಿದ್ದರೆ ಸ್ಲಾಟ್‌ನ ಲಾಕ್ ಕೂರುವ ಕೊಕ್ಕೆಯ ಬುಡದಲ್ಲಿ ಬಿರುಕು ಇದೆಯಾ ನೋಡಿ. ಅಲ್ಲಿ ಬೋರ್ಡ್ ಸೀಳಿದ್ದರೆ ಒಳಪದರದ ಗೆರೆಗಳೂ ಹರಿದಿರುತ್ತವೆ, ಮನೆಯಲ್ಲಿ ಏನೂ ಮಾಡೋಕಾಗಲ್ಲ.

ಡ್ರೈವರ್ ಮತ್ತು ಕೋಡ್ 43

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, 'ಕೋಡ್ 43' ಅಂತ ಬಂದರೆ ಗಾಬರಿ ಬೇಡ. ಕಾರ್ಡ್ ತನಗೆ ತೊಂದರೆ ಇದೆ ಅಂದದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ, ಅಷ್ಟೇ. ಕಾರಣ ಡ್ರೈವರ್ ಇರಬಹುದು, ಕಾರ್ಡ್‌ನೊಳಗಿನ ಬಯಾಸ್ (ಕಾರ್ಡನ್ನು ಎಬ್ಬಿಸುವ ತಂತ್ರಾಂಶ) ಇರಬಹುದು, ಕೆಟ್ಟ ಮೆಮೊರಿಯೂ ಇರಬಹುದು. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನೋ ಉಚಿತ ತಂತ್ರಾಂಶದಿಂದ ಹಳೆ ಡ್ರೈವರನ್ನು ಬೇರುಸಹಿತ ತೆಗೆಯಿರಿ. ಇಂಟರ್ನೆಟ್ ಕಿತ್ತುಹಾಕಿಯೇ ಈ ಕೆಲಸ ಮಾಡಿ, ಇಲ್ಲವಾದರೆ ವಿಂಡೋಸ್ ತಾನಾಗಿ ಯಾವುದೋ ಡ್ರೈವರ್ ತಂದು ಕೂರಿಸುತ್ತದೆ. ನಂತರ ಕಾರ್ಡ್ ಕಂಪನಿಯ ತಾಣದಿಂದ ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಿ.

ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ಎಚ್ಚರಿಕೆ ಸಾಲುಸಾಲಾಗಿ ಇದ್ದರೆ, ಕಾರ್ಡ್ 2 ಸೆಕೆಂಡ್ ಒಳಗೆ ಉತ್ತರ ಕೊಡದ ಕಾರಣ ವಿಂಡೋಸ್ ಡ್ರೈವರನ್ನು ಎಬ್ಬಿಸಿದೆ ಅಂತ ಅರ್ಥ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸ್ವಲ್ಪ ಹೊತ್ತು ಕೆಲಸ ಮಾಡಿ ನೋಡುವುದು ಒಳ್ಳೆಯ ಉಪಾಯ. ಅಲ್ಲೂ ಗೆರೆ, ಅಲ್ಲೂ ಹ್ಯಾಂಗ್ ಆದರೆ ವಿಂಡೋಸ್ ಮೇಲಿನ ಅನುಮಾನ ಬಿಡಿ.

ಬಿಸಿ

ಕಾರ್ಡ್‌ನ ಬಿಸಿ ಕೋಣೆಯ ಬಿಸಿಯ ಮೇಲೆ ಕೂರುತ್ತದೆ. ಮಡಿಕೇರಿಯ ಚಳಿಯಲ್ಲಿ ಆರಾಮಾಗಿ ಓಡುವ ಕಾರ್ಡ್ ರಾಯಚೂರಿನ ಮೇ ತಿಂಗಳಲ್ಲಿ ಏದುಸಿರು ಬಿಡಬಹುದು. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದು ಮೂರು ಸಂಖ್ಯೆ ನೋಡಿ: ಕೋರ್ (ಮುಖ್ಯ ಚಿಪ್) ತಾಪ, ಹಾಟ್ ಸ್ಪಾಟ್ (ಅದರ ಅತಿ ಬಿಸಿಯಾದ ಜಾಗ) ತಾಪ, ಮೆಮೊರಿ ತಾಪ. ಎಲ್ಲ ಕಾರ್ಡ್‌ಗಳೂ ಮೂರನ್ನೂ ತೋರಿಸುವುದಿಲ್ಲ. ಕೋರ್‌ಗಿಂತ ಹಾಟ್ ಸ್ಪಾಟ್ 10ರಿಂದ 20 ಡಿಗ್ರಿ ಜಾಸ್ತಿ ಇರುವುದು ಸಹಜ. ಅಂತರ 30 ದಾಟಿದರೆ ಪೇಸ್ಟ್ ಒಣಗಿದೆ ಅಥವಾ ಚಿಪ್‌ನ ಅಂಚಿಗೆ ಸರಿದಿದೆ ಅಂತ ಲೆಕ್ಕ. ಆರ್‌ಟಿಎಕ್ಸ್ 3080, 3090ರಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿಗೆ ಬಂದಾಗ ಕಾರ್ಡ್ ತಾನಾಗಿ ವೇಗ ಇಳಿಸುತ್ತದೆ. ಆ ಸಂಖ್ಯೆ ಕಂಡರೆ ಪ್ಯಾಡ್ (ಮೆಮೊರಿಯ ಬಿಸಿಯನ್ನು ಕೂಲರ್‌ಗೆ ದಾಟಿಸುವ ಮೆತ್ತನೆಯ ಹಾಳೆ) ಬದಲಿಸುವ ಸಮಯ ಬಂದಿದೆ.

ಬಿಚ್ಚುವಾಗ ಕೂಲರನ್ನು ಎಳೆಯಬೇಡಿ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂಗಳನ್ನು ಓರೆಯಾಗಿ ಎದುರುಬದುರು ಸಡಿಲಿಸಿ, ಕೂಲರನ್ನು ಮೆಲ್ಲಗೆ ತಿರುಚಿ ಬಿಡಿಸಿ. ಫ್ಯಾನ್ ವೈರ್ ಇನ್ನೂ ಬೋರ್ಡ್‌ಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಮರೆತು ಎತ್ತಿದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಯಾವ ಪ್ಯಾಡ್ ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಪ್ಯಾಡ್‌ನ ದಪ್ಪ ಬಹಳ ಮುಖ್ಯ. 1 ಮಿಲಿಮೀಟರ್ ಇದ್ದ ಜಾಗಕ್ಕೆ 1.5 ಹಾಕಿದರೆ ಕೂಲರ್ ಮೇಲೆದ್ದು ಮುಖ್ಯ ಚಿಪ್‌ಗೆ ತಾಗುವುದೇ ಇಲ್ಲ, ತೆಳು ಹಾಕಿದರೆ ಮೆಮೊರಿಗೆ ತಾಗುವುದಿಲ್ಲ. ಹಳೆಯ ಪ್ಯಾಡ್ ಒತ್ತಿ ಚಪ್ಪಟೆಯಾಗಿರುತ್ತದೆ, ಅದನ್ನು ಅಳೆದು ನಂಬಬೇಡಿ, ನಿಮ್ಮ ಮಾಡೆಲ್‌ನ ಅಳತೆ ಹುಡುಕಿಯೇ ಕೊಳ್ಳಿ.

ಕೆಲಸ ಇಲ್ಲದಾಗ ಫ್ಯಾನ್ ತಿರುಗದೇ ಇರುವುದು ಈಗಿನ ಕಾರ್ಡ್‌ಗಳಲ್ಲಿ ದೋಷವಲ್ಲ. 50-60 ಡಿಗ್ರಿ ದಾಟಿದ ಮೇಲೆ ಶುರುವಾಗುತ್ತದೆ.

ಮೆಮೊರಿ ಪರೀಕ್ಷೆ, ವೇಗ ಇಳಿಸುವುದು

ಡಿಸ್‌ಪ್ಲೇ ಬರುತ್ತದೆ, ಗೆರೆ ಅಥವಾ ಕ್ರ್ಯಾಶ್ ಇದೆ ಅನ್ನುವವರು ಒಸಿಸಿಟಿ ತಂತ್ರಾಂಶದ ವಿರ‍್ಯಾಮ್ ಟೆಸ್ಟ್ ಅಥವಾ ಮೆಮ್‌ಟೆಸ್ಟ್ ವಲ್ಕನ್ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಆಗ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡ್‌ನ ವೇಗ ಹೊಂದಿಸುವ ತಂತ್ರಾಂಶ) ಮೆಮೊರಿ ವೇಗ 500 ಮೆಗಾಹರ್ಟ್ಸ್ ಇಳಿಸಿ ಮತ್ತೆ ಓಡಿಸಿ. ತಪ್ಪು ನಿಂತರೆ ಮೆಮೊರಿ ಅಥವಾ ಅದರ ಬೆಸುಗೆ ಬಲ ಕಳೆದುಕೊಂಡಿದೆ. ಮೆಮೊರಿ ಪಾಸ್ ಆಗಿ ಗೇಮ್ ಮಾತ್ರ ಬೀಳುತ್ತಿದ್ದರೆ ಕೋರ್ ವೇಗ 100-150 ಮೆಗಾಹರ್ಟ್ಸ್ ಇಳಿಸಿ, ಪವರ್ ಲಿಮಿಟ್ 75 ಶೇಕಡಾಕ್ಕೆ ತಂದು ನೋಡಿ. ಇದು ರಿಪೇರಿ ಅಲ್ಲ ನಿಜ, ಆದರೆ ಒಂದಿಷ್ಟು ಫ್ರೇಮ್ ಕಳೆದುಕೊಂಡು ಇನ್ನೂ ಒಂದೆರಡು ವರ್ಷ ಕಾರ್ಡ್ ಓಡಿಸಬಹುದು ಅಂದರೆ ಅದೇನು ಕಡಿಮೆಯಾ?

ಕೆಟ್ಟಿರುವುದು ಒಂದೇ ಮೆಮೊರಿ ಚಿಪ್ ಆದರೆ ಅದನ್ನಷ್ಟೇ ಬದಲಿಸಬಹುದು. ಪ್ರತಿ ಚಿಪ್‌ನ ಡೇಟಾ ದಾರಿ 32 ಬಿಟ್ ಅಗಲ, ಹಾಗಾಗಿ 192 ಬಿಟ್ ಕಾರ್ಡ್‌ನಲ್ಲಿ ಸಾಮಾನ್ಯವಾಗಿ 6, 256 ಬಿಟ್‌ನದರಲ್ಲಿ 8 ಇರುತ್ತವೆ. ಯಾವುದು ಕೆಟ್ಟಿದೆ ಅಂತ ಹೇಳುವ ಸಾಧನ ಚಿಪ್ ಲೆವೆಲ್ ಕೆಲಸ (ಬೋರ್ಡ್ ಮೇಲಿನ ಬಿಡಿಭಾಗಗಳನ್ನೇ ಬದಲಿಸುವುದು) ಮಾಡುವವರ ಹತ್ತಿರ ಇರುತ್ತದೆ.

ಬಯಾಸ್, ಮತ್ತು ಮೈನಿಂಗ್ ಮಾಡಿದ ಕಾರ್ಡ್

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ (ಕಂಪ್ಯೂಟರ್ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತ ಮೇಲೆ ಅದಕ್ಕೆ ಬಳಸುತ್ತಿದ್ದ ಬಹಳಷ್ಟು ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಎಎಂಡಿಯ ಆರ್‌ಎಕ್ಸ್ 470, 570, 580 ಕಾರ್ಡ್‌ಗಳ ಬಯಾಸನ್ನು ಮೈನಿಂಗ್‌ಗಾಗಿ ತಿದ್ದಿರುವುದು ತೀರಾ ಸಾಮಾನ್ಯ. ತಿದ್ದಿದ ಬಯಾಸ್ ಕಂಡರೆ ಎಎಂಡಿ ಡ್ರೈವರ್ ಲೋಡ್ ಆಗದೆ ಕೋಡ್ 43 ಬರಬಹುದು, ಲೋಡ್ ಆದರೂ ಗೇಮ್‌ನಲ್ಲಿ ಚುಕ್ಕೆಗಳು ಬರಬಹುದು. ಇದಕ್ಕೆ ಮದ್ದು ಸುಲಭ. ಮೂಲ ಬಯಾಸ್ ವಾಪಸ್ ಹಾಕಿದರೆ ಆಯಿತು.

ಮೊದಲು ಕಾರ್ಡ್ ಅಂಚಿನಲ್ಲಿ ಚಿಕ್ಕ ಸ್ವಿಚ್ ಇದೆಯಾ ನೋಡಿ. ಎರಡು ಬಯಾಸ್ ಇರುವ ಕಾರ್ಡ್ ಆದರೆ ಆಫ್ ಮಾಡಿ, ಸ್ವಿಚ್ ಆ ಕಡೆ ತಳ್ಳಿ, ಮತ್ತೆ ಆನ್ ಮಾಡಿ. ಸತ್ತ ಕಾರ್ಡ್ ಇಷ್ಟಕ್ಕೇ ಎದ್ದು ಕೂರುವುದೂ ಉಂಟು. ಸ್ವಿಚ್ ಇಲ್ಲದಿದ್ದರೆ ಈಗಿರುವ ಬಯಾಸನ್ನು ಜಿಪಿಯು-ಝಡ್‌ನಿಂದ ಉಳಿಸಿಟ್ಟುಕೊಂಡು ಎನ್‌ವಿಡಿಯಾ ಆದರೆ ಎನ್‌ವಿಫ್ಲ್ಯಾಶ್, ಎಎಂಡಿ ಆದರೆ ಎಎಂಡಿವಿಬಿಫ್ಲ್ಯಾಶ್ ಬಳಸಿ ಮೂಲದ್ದನ್ನು ಬರೆಯಿರಿ. ಕಾರ್ಡ್ ಕಂಪನಿ, ಮಾಡೆಲ್, ಮೆಮೊರಿ ತಯಾರಕರ ಹೆಸರು ಮೂರೂ ಹೊಂದಬೇಕು. ಸ್ಯಾಮ್‌ಸಂಗ್ ಮೆಮೊರಿಯ ಬಯಾಸನ್ನು ಹೈನಿಕ್ಸ್ ಮೆಮೊರಿಯ ಕಾರ್ಡ್‌ಗೆ ಬರೆದು ಹಾಳು ಮಾಡಿಕೊಂಡವರು ಬಹಳ.

ಮಲ್ಟಿಮೀಟರ್ ಹಿಡಿದು

ಡಿಸ್‌ಪ್ಲೇ ಇಲ್ಲವೇ ಇಲ್ಲ, ಕಾರ್ಡ್ ಹಾಕಿದರೆ ಕಂಪ್ಯೂಟರ್ ಒಮ್ಮೆ ಮಿಡುಕಿ ಆಫ್ ಆಗುತ್ತದೆ ಅಂದರೆ ಎಲ್ಲೋ ಶಾರ್ಟ್ ಇದೆ. ಕಾರ್ಡ್ ಹೊರಗೆ ಇಟ್ಟು, ಮೀಟರನ್ನು ಓಮ್‌ಗೆ ತಿರುಗಿಸಿ. ಕಪ್ಪು ಕಡ್ಡಿ ಕಾರ್ಡ್‌ನ ಲೋಹದ ಬ್ರಾಕೆಟ್‌ಗೆ, ಕೆಂಪು ಕಡ್ಡಿ 8 ಪಿನ್ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗೆ. ಕೇಬಲ್‌ನ ಕೊಕ್ಕೆ ಕೂರುವ ಬದಿ ಗ್ರೌಂಡ್, ಅದರ ಎದುರಿನ ಸಾಲಿನಲ್ಲಿ 12 ವೋಲ್ಟ್ ಇರುತ್ತದೆ. ನೂರಾರು ಅಥವಾ ಸಾವಿರಾರು ಓಮ್ ಬಂದರೆ ಅಲ್ಲಿ ಶಾರ್ಟ್ ಇಲ್ಲ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಸಿಕ್ಕಿತು. ಆ ಕಾರ್ಡನ್ನು ಮತ್ತೆ ಕಂಪ್ಯೂಟರ್‌ಗೆ ಹಾಕಬೇಡಿ.

ಈಗ ಬಹಳ ಮುಖ್ಯವಾದ ಅಳತೆ. ಮುಖ್ಯ ಚಿಪ್ ಪಕ್ಕದಲ್ಲಿ ಸಾಲಾಗಿ ನಿಂತ ಚೌಕದ ಕಾಯಿಲ್‌ಗಳಲ್ಲಿ ಒಂದಕ್ಕೆ ಒಂದು ಕಡ್ಡಿ, 12 ವೋಲ್ಟ್ ಪಿನ್‌ಗೆ ಇನ್ನೊಂದು. ಇಲ್ಲೂ ಸೊನ್ನೆ ಬಂದರೆ ಮಾಸ್ಫೆಟ್ (ಚಿಪ್‌ಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸ್ವಿಚ್) ಸುಟ್ಟು 12 ವೋಲ್ಟ್ ನೇರ ಚಿಪ್‌ಗೇ ಹೋಗಿದೆ. ಸುಮಾರು 1 ವೋಲ್ಟ್‌ನಲ್ಲಿ ಬದುಕುವ ಚಿಪ್ ಅದು, ಉಳಿದಿರುವ ಆಸೆ ಬಹಳ ಕಡಿಮೆ. ಇಲ್ಲಿ ಸೊನ್ನೆ ಬರದೆ, 12 ವೋಲ್ಟ್ ಮತ್ತು ಗ್ರೌಂಡ್ ನಡುವೆ ಮಾತ್ರ ಶಾರ್ಟ್ ಇದ್ದರೆ ಖುಷಿಪಡಿ. ಯಾವುದೋ ಒಂದು ಸೆರಾಮಿಕ್ ಕೆಪಾಸಿಟರ್ ಒಳಗೇ ಕೂಡಿಕೊಂಡಿರಬಹುದು. ಅದನ್ನು ತೆಗೆದರೆ ಕಾರ್ಡ್ ಬದುಕುವ ಸಾಧ್ಯತೆ ಚೆನ್ನಾಗಿದೆ.

ಬಹಳ ಜನ ಎಡವುವುದು ಇಲ್ಲಿ: ಕೋರ್ ಕಾಯಿಲ್‌ನಿಂದ ಗ್ರೌಂಡ್‌ಗೆ ಅಳೆದಾಗ ಬೀಪ್ ಬಂದರೆ 'ಚಿಪ್ ಶಾರ್ಟ್' ಅಂತ ತೀರ್ಪು ಕೊಟ್ಟುಬಿಡುತ್ತಾರೆ. ದೊಡ್ಡ ಚಿಪ್‌ಗಳಲ್ಲಿ ಅಲ್ಲಿ 1 ಓಮ್‌ಗಿಂತ ಕಡಿಮೆ ಬರುವುದೇ ಸಹಜ. ಬೀಪ್ ನಂಬಬೇಡಿ, ಸಂಖ್ಯೆ ಓದಿ. ಅದಕ್ಕೂ ಮೊದಲು ಮೀಟರ್‌ನ ಎರಡೂ ಕಡ್ಡಿ ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ, ಅಷ್ಟನ್ನು ಕಳೆಯಿರಿ.

ಕನೆಕ್ಟರ್ ಹತ್ತಿರ ಫ್ಯೂಸ್ ಇದ್ದರೆ ಅದನ್ನೂ ಅಳೆಯಿರಿ. ಸುಟ್ಟಿದ್ದರೆ ಅದರ ಮೇಲೆ ತಂತಿ ಬೆಸೆದು ಓಡಿಸುವ ಯೋಚನೆ ಬೇಡ. ಫ್ಯೂಸ್ ಸುಟ್ಟದ್ದು ಯಾಕೆ ಅಂತ ತಿಳಿಯದೆ ತಂತಿ ಹಾಕಿದರೆ ಉಳಿದದ್ದೂ ಸುಡುತ್ತದೆ. ಶಾರ್ಟ್ ಆದ ಭಾಗ ಹುಡುಕಲು ರಿಪೇರಿಯವರು ಕರೆಂಟ್ ಮಿತಿ ಹಾಕಬಲ್ಲ ಪವರ್ ಸಪ್ಲೈನಿಂದ 1 ವೋಲ್ಟ್‌ನಷ್ಟು ಕೊಟ್ಟು, ಬೋರ್ಡ್ ಮೇಲೆ ಆಲ್ಕೋಹಾಲ್ ಸವರುತ್ತಾರೆ. ಕೆಟ್ಟ ಭಾಗ ಬಿಸಿಯಾಗಿ ಅಲ್ಲಿಯ ಆಲ್ಕೋಹಾಲ್ ಮೊದಲು ಆರುತ್ತದೆ. ನಿಮಗೆ ಬೆಸುಗೆಯ ಅಭ್ಯಾಸ ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ. ಕಾರ್ಡ್ ಆನ್ ಇರುವಾಗ ವೋಲ್ಟೇಜ್ ಅಳೆಯುವುದಂತೂ ಬೇಡ. ಕಡ್ಡಿ ಕೂದಲೆಳೆಯಷ್ಟು ಜಾರಿದರೂ ಬದುಕಿದ್ದ ಚಿಪ್ ಹೋಗುತ್ತದೆ.

ಓವನ್‌ನಲ್ಲಿ ಬೇಯಿಸಬೇಡಿ

ಯೂಟ್ಯೂಬ್‌ನಲ್ಲಿ ಕಾರ್ಡನ್ನು ಓವನ್‌ನಲ್ಲಿಟ್ಟು ಬದುಕಿಸುವ ವಿಡಿಯೋಗಳು ಇನ್ನೂ ಓಡಾಡುತ್ತಿವೆ. ಈ ಹುಚ್ಚಿಗೆ ಒಂದು ಹಿನ್ನೆಲೆ ಇದೆ. ಎನ್‌ವಿಡಿಯಾದ ಒಂದು ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳು ಪ್ಯಾಕೇಜಿಂಗ್ ದೋಷದಿಂದ ಸಾಯತೊಡಗಿದವು. 2008ರ ಜುಲೈನಲ್ಲಿ ಕಂಪನಿ ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ಸಿಲಿಕಾನ್ ತುಂಡಿಗೂ ಅದು ಕೂತ ಹಸಿರು ತಳಕ್ಕೂ ನಡುವಿನ ಸೂಕ್ಷ್ಮ ಬೆಸುಗೆ ಬಿಂದುಗಳು ಬಿರಿಯುತ್ತಿದ್ದವು. ಬಿಸಿ ಮಾಡಿದಾಗ ಬಿರಿದ ತುದಿಗಳು ಕೆಲವು ದಿನ, ಕೆಲವು ವಾರ ಮತ್ತೆ ತಾಗುತ್ತಿದ್ದವು. ಜನ ರಿಪೇರಿ ಆಯಿತು ಅಂದುಕೊಂಡರು.

ಆ ವಿಡಿಯೋಗಳಲ್ಲಿ ಹೇಳುವುದು ಸುಮಾರು 200 ಡಿಗ್ರಿ. ಬೋರ್ಡ್ ಮೇಲಿನ ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217ಕ್ಕೆ. ಅಂದರೆ ಅಲ್ಲಿ ಬೆಸುಗೆ ಕರಗುವುದೇ ಇಲ್ಲ, ಹೊಸದಾಗಿ ಏನೂ ಅಂಟುವುದಿಲ್ಲ. ಬದಲಿಗೆ ಕೆಪಾಸಿಟರ್ ಊದುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ, ಬೋರ್ಡ್ ಸೊಟ್ಟಗಾಗುತ್ತದೆ. ಶಾರ್ಟ್ ಆದ ಕೆಪಾಸಿಟರ್ ಬದಲಿಸಿ ಉಳಿಸಬಹುದಾಗಿದ್ದ ಕಾರ್ಡ್ ಹೀಗೆ ಹಾಳಾಗುತ್ತದೆ. ಅದರ ಹೊಗೆ ಮಕ್ಕಳಿಗೆ ಬಿಸ್ಕತ್ತು, ಕೇಕು ಬೇಯಿಸುವ ಓವನ್‌ನೊಳಗೆ ಕೂರುವುದು ಬೇರೆ.

ಅಂಗಡಿಗೆ ಕೊಡುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಹೋಗುವವರು 'ಚಿಪ್ ಲೆವೆಲ್ ಸರ್ವಿಸ್' ಮಾಡುವವರನ್ನೇ ಕೇಳಿ. ಮಾರಾಟ ಮಾತ್ರ ಮಾಡುವವರ ಹತ್ತಿರ ರಿಪೇರಿ ಸಲಹೆ ಕೇಳಿ ಪ್ರಯೋಜನ ಇಲ್ಲ. ನೀವು ಬರೆದುಕೊಂಡ ಲಕ್ಷಣ, ಅಳತೆಯ ಸಂಖ್ಯೆಗಳನ್ನು ಅವರ ಮುಂದಿಡಿ. '12 ವೋಲ್ಟ್‌ನಲ್ಲಿ ಶಾರ್ಟ್ ಇದೆ, ಕೋರ್‌ಗೆ ಹೋಗಿಲ್ಲ' ಅಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಯಾವ ಭಾಗ ಬದಲಿಸುತ್ತೀರಿ, ತೆಗೆದ ಭಾಗ ಕೊಡುತ್ತೀರಾ, ಸರಿಯಾಗದಿದ್ದರೆ ಎಷ್ಟು ಕೊಡಬೇಕು, ರಿಪೇರಿಗೆ ಎಷ್ಟು ದಿನದ ಗ್ಯಾರಂಟಿ ಅಂತ ಮೊದಲೇ ಕೇಳಿ. 'ಚಿಪ್‌ಗೆ ಸ್ವಲ್ಪ ಹೀಟ್ ಕೊಡ್ತೀವಿ, ಸರಿ ಹೋಗುತ್ತೆ' ಅಂದರೆ ಕಾರ್ಡ್ ಎತ್ತಿಕೊಂಡು ಬನ್ನಿ. ಅದೂ ಓವನ್ ಕತೆಯೇ. ಕೊಡುವ ಮೊದಲು ಬೋರ್ಡ್‌ನ ಎರಡೂ ಬದಿ ಮತ್ತು ಸೀರಿಯಲ್ ನಂಬರ್ ಫೋಟೋ ತೆಗೆದುಕೊಳ್ಳಿ.

ಖರ್ಚಿನ ಬಗ್ಗೆ ನನ್ನ ಲೆಕ್ಕ ಇಷ್ಟು. ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಬೆಲೆಯ ಮೂರನೇ ಒಂದು ಭಾಗದೊಳಗೆ ರಿಪೇರಿ ಮುಗಿದರೆ ಮಾಡಿಸಿ. ಮುಖ್ಯ ಚಿಪ್ಪೇ ಹೋಗಿದ್ದರೆ ಬೇಡ. ಆಗ ಕೂಲರ್, ಫ್ಯಾನ್, ಬ್ಯಾಕ್‌ಪ್ಲೇಟ್ ಬಿಚ್ಚಿಟ್ಟುಕೊಳ್ಳಿ, ಬೋರ್ಡನ್ನು ರಿಪೇರಿಯವರಿಗೇ ಕೊಡಿ. ಅದರ ಮೇಲಿನ ಮೆಮೊರಿ ಚಿಪ್, ಮಾಸ್ಫೆಟ್ ಇನ್ನೊಂದು ಕಾರ್ಡ್‌ಗೆ ಬೇಕಾಗುತ್ತವೆ. ವೇಗ ಇಳಿಸಿ ಓಡಿಸುತ್ತಿರುವ ಕಾರ್ಡನ್ನು ಮಾರುವ ಹಾಗಿದ್ದರೆ ಕೊಳ್ಳುವವರಿಗೆ ಆ ಸಂಖ್ಯೆಗಳನ್ನು ಬರೆದುಕೊಡಿ: ಮೆಮೊರಿ ಎಷ್ಟು ಇಳಿಸಿದ್ದೀರಿ, ಪವರ್ ಲಿಮಿಟ್ ಎಷ್ಟು ಇಟ್ಟಿದ್ದೀರಿ, ಯಾವ ಟೆಸ್ಟ್‌ನಲ್ಲಿ ತಪ್ಪು ಬಂದಿತ್ತು.